ಖರ್ಜೂರದ ರಫ್ತು ಮತ್ತು ನೆಲದಡಿಯ ಮೂಲಧನ

ಲೆಕ್ಕಪತ್ರದಲ್ಲಿ ಮೂಲಧನದ ಖಾತೆ ಬೇರೆ, ಲಾಭದ ಖಾತೆ ಬೇರೆ. ಒಂದು ದೀಪಾವಳಿಯಿಂದ ಮತ್ತೊಂದು ದೀಪಾವಳಿಯವರೆಗೆ ಅಂಗಡಿಯ ಖಾತೆ ಬರೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಲಧನವನ್ನು ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಕರಗಿಸಿ, ಅದನ್ನೇ ಲಾಭವೆಂದು ಪಾಲುದಾರರಿಗೆ ಹಂಚುವ ಅಂಗಡಿ ಕೆಲವು ಕಾಲ ಬಹು ವೈಭವದಿಂದ ನಡೆಯುತ್ತದೆ; ನೆರೆಹೊರೆಯವರ ಕಣ್ಣಿಗೆ ಅದು ಏಳಿಗೆಯಂತೆಯೇ ತೋರುತ್ತದೆ. ಬಡ ರೈತರ ನೆರವಿಗಾಗಿ ಕೈಗೊಳ್ಳುವ ಅಭಿವೃದ್ಧಿ ಯೋಜನೆಗಳ ವರದಿಗಳನ್ನು ಓದುವಾಗ ಈ ಸಾಮಾನ್ಯ ಭೇದವನ್ನು ಕೈಬಿಟ್ಟರೆ, ಯಾವುದು ಉಪಕಾರ, ಯಾವುದು ಉಪಕಾರದ ವೇಷದಲ್ಲಿರುವ ಸಾಲ ಎಂಬುದು ತಿಳಿಯದೆ ಹೋಗುತ್ತದೆ.

ಇದಕ್ಕೆ ಉದಾಹರಣೆಯಾಗಿ ಉತ್ತರ ಆಫ್ರಿಕದ ಟುನೀಸಿಯ ದೇಶದ ಖರ್ಜೂರ ಬೆಳೆಗಾರರನ್ನು ತೆಗೆದುಕೊಳ್ಳಬಹುದು. ಜಗತ್ತಿನಲ್ಲಿ ಅತಿ ಹೆಚ್ಚು ಖರ್ಜೂರವನ್ನು ಆಮದು ಮಾಡಿಕೊಳ್ಳುವ ದೇಶಗಳಲ್ಲಿ ಭಾರತವೂ ಒಂದಾದ್ದರಿಂದ ಇಲ್ಲಿಯ ಕಿರಾಣಿ ವರ್ತಕರಿಗೆ ಖರ್ಜೂರವಾಗಲಿ ಉತ್ತತ್ತಿಯಾಗಲಿ ಹೊಸತಲ್ಲ. ಆದರೆ ಆ ಹಣ್ಣು ಯಾರ ಕೈಯಿಂದ, ಯಾವ ನೀರಿನಿಂದ ಬಂತೆಂದು ಕೇಳುವ ರೂಢಿ ಗಿರಾಕಿಗೂ ಇಲ್ಲ, ವರ್ತಕನಿಗೂ ಇಲ್ಲ.

ಟುನೀಸಿಯದ ದಕ್ಷಿಣ ಭಾಗದಲ್ಲಿ ಷೊತ್ ಎಲ್ ಜೆರಿದ್ ಎಂಬ ವಿಸ್ತಾರವಾದ ಉಪ್ಪಿನ ಬಯಲಿದೆ. ಅದರ ಒಂದು ಮಗ್ಗುಲಲ್ಲಿ ತೊಝರ್ ಮತ್ತು ನೆಫ್ತಾ ಪಟ್ಟಣಗಳಿರುವ ಜೆರಿದ್ ಸೀಮೆ. ಮತ್ತೊಂದು ಮಗ್ಗುಲಲ್ಲಿ ಕೆಬಿಲಿ ಮತ್ತು ದೂಜ್ ಇರುವ ನೆಫ್ಝಾವ ಸೀಮೆ. ಮರಳುಗಾಡಿನ ನಡುವೆ ನೀರು ದೊರೆತ ಕಡೆಗಳಲ್ಲೆಲ್ಲ ಖರ್ಜೂರದ ತೋಟಗಳೆದ್ದಿವೆ. ಹಳೆಯ ಕ್ರಮದ ತೋಟ ಮೂರು ಅಂತಸ್ತಿನದು. ಮೇಲೆ ಖರ್ಜೂರದ ಮರ, ಅದರ ನೆರಳಿನಲ್ಲಿ ದಾಳಿಂಬೆ, ಅಂಜೂರ, ಜರದಾಳು ಮೊದಲಾದ ಹಣ್ಣಿನ ಗಿಡಗಳು, ಅವುಗಳ ಕೆಳಗೆ ತರಕಾರಿ ಮತ್ತು ಮೇವು. ಒಮ್ಮೆ ಹಾಯಿಸಿದ ನೀರು ಮೂರು ಬೆಳೆಗಳನ್ನು ಸಾಕುತ್ತಿತ್ತು. ಅಡಿಕೆಯ ತೋಟದಲ್ಲಿ ಬಾಳೆ, ಏಲಕ್ಕಿ, ಮೆಣಸಿನ ಬಳ್ಳಿಗಳನ್ನು ಜೊತೆಯಾಗಿ ಬೆಳೆಯುವ ಮಲೆನಾಡಿನವರಿಗೆ ಈ ಬಗೆಯ ವಿವೇಕ ಬೇಗ ಅರ್ಥವಾದೀತು. ತೊಝರಿನ ಬುಗ್ಗೆಗಳ ನೀರನ್ನು ಪಾಲು ಮಾಡುವ ಕ್ರಮವನ್ನು 13ನೇ ಶತಮಾನದಲ್ಲಿ ಇಬ್ನ್ ಶಬ್ಬಾತ್ ಎಂಬ ವಿದ್ವಾಂಸನು ವ್ಯವಸ್ಥೆಗೊಳಿಸಿದನೆಂದು ಪ್ರಸಿದ್ಧಿ. ತಳದಲ್ಲಿ ರಂಧ್ರವಿರುವ ಪಾತ್ರೆಯೊಂದನ್ನು ನೀರಿನಿಂದ ತುಂಬಿ ತೂಗುಹಾಕಿ, ಅದು ಬರಿದಾಗುವ ಹೊತ್ತನ್ನು ಒಂದು ಅಳತೆಯೆಂದು ಎಣಿಸಿ, ಇಂಥವನ ತೋಟಕ್ಕೆ ಇಷ್ಟು ಪಾತ್ರೆಯ ಹೊತ್ತಿನ ನೀರು ಎಂದು ಬಿಡಲಾಗುತ್ತಿತ್ತು.

ಈ ಸೀಮೆಯ ಹೆಮ್ಮೆಯ ತಳಿ ದೆಗ್ಲೆತ್ ನೂರ್. ಬೆಳಕಿನ ಖರ್ಜೂರವೆಂದು ಆ ಹೆಸರಿನ ಅರ್ಥ. ಹಣ್ಣನ್ನು ಬೆಳಕಿಗೆ ಹಿಡಿದರೆ ಒಳಗಿನ ಬೀಜದ ನೆರಳು ಕಾಣುವಷ್ಟು ಅದು ತಿಳಿಯಾಗಿರುತ್ತದೆ. ಯುರೋಪಿನ ಪೇಟೆಗೆ ಈ ತಳಿಯೇ ಬೇಕು. ಫ್ರೆಂಚರ ಆಳ್ವಿಕೆಯ ಕಾಲದಲ್ಲಿಯೇ ರಫ್ತಿಗಾಗಿ ಇದರ ದೊಡ್ಡ ತೋಟಗಳನ್ನು ಹಾಕುವುದು ಮೊದಲಾಯಿತು. ಈಚಿನ ವರ್ಷಗಳಲ್ಲಿ ಟುನೀಸಿಯದಿಂದ ಹೊರಹೋಗುವ ಖರ್ಜೂರ ವರ್ಷಕ್ಕೆ 1 ಲಕ್ಷ ಟನ್ನನ್ನು ಮೀರಿದೆ. ಆ ದೇಶದ ಕೃಷಿ ರಫ್ತಿನಲ್ಲಿ ಆಲಿವ್ ಎಣ್ಣೆಯ ನಂತರದ ಸ್ಥಾನ ಖರ್ಜೂರಕ್ಕೇ ಸಲ್ಲುತ್ತದೆ.

ಇಷ್ಟು ದೊಡ್ಡ ವ್ಯಾಪಾರದಲ್ಲಿ ಹಳೆಯ ತೋಟದ ಸಣ್ಣ ರೈತನ ಸ್ಥಾನವೇನು? ಅವನ ಹಿಡುವಳಿ ಬಹುಮಟ್ಟಿಗೆ ಒಂದು ಹೆಕ್ಟೇರಿಗಿಂತ ಕಡಿಮೆ. ಅದೂ ತಲೆಮಾರಿನಿಂದ ತಲೆಮಾರಿಗೆ ಹಿಸ್ಸೆಯಾಗುತ್ತ ಬಂದದ್ದು. ಖರ್ಜೂರದಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆಯಾದ್ದರಿಂದ ವಸಂತದಲ್ಲಿ ಮರ ಹತ್ತಿ ಗಂಡುಹೂವಿನ ಪರಾಗವನ್ನು ಕೈಯಾರೆ ಸೇರಿಸಬೇಕು. ಆಮೇಲೆ ಗೊನೆಗಳನ್ನು ತೆಳುಮಾಡಲು, ಅವುಗಳನ್ನು ಇಳಿಬಿಟ್ಟು ಕಟ್ಟಲು, ಮಳೆಗೆ ಹಾಳಾಗದಂತೆ ಹೊದಿಸಲು, ಕೊನೆಗೆ ಕೊಯ್ಯಲು, ಹೀಗೆ ಒಂದೇ ಮರವನ್ನು ವರ್ಷದಲ್ಲಿ ಹಲವು ಸಲ ಹತ್ತಿ ಇಳಿಯಬೇಕು. ಅಕ್ಟೋಬರಿನಲ್ಲಿ ಕೊಯ್ಲು ಮೊದಲಾಗುತ್ತದೆ. ರೈತನಿಗೆ ಹಣ ಬೇಕಾಗುವುದು ಅದಕ್ಕೆ ಬಹಳ ಮುಂಚೆ. ಆದ್ದರಿಂದ ಹಣ್ಣು ಇನ್ನೂ ಮರದಲ್ಲಿರುವಾಗಲೇ ಇಡೀ ಫಸಲನ್ನು ಮಧ್ಯವರ್ತಿಗೆ ಒಪ್ಪಿಸಿಬಿಡುವ ಪದ್ಧತಿ ಅಲ್ಲಿ ಬಹುಕಾಲದಿಂದ ಇದೆ. ಅಡಿಕೆಯ ಸೀಮೆಯಲ್ಲಿ ಚೇಣಿ ಕೊಡುವುದೆಂದು ಹೇಳುತ್ತಾರಲ್ಲ, ಅದೇ ವ್ಯವಹಾರ. ಮುಂಗಡ ಪಡೆದವನಿಗೆ ಬೆಲೆಯ ಮಾತನಾಡುವ ಬಾಯಿ ಇರುವುದಿಲ್ಲವೆಂಬುದನ್ನು ವ್ಯಾಪಾರಿಗೆ ಹೇಳಿಕೊಡಬೇಕೆ?

ಯೋಜನೆಗಳು ಕೈಯಿಕ್ಕುವುದು ಇಲ್ಲಿ. ಸಣ್ಣ ರೈತರನ್ನು ಒಂದು ಸಂಘವಾಗಿ ಕೂಡಿಸುವುದು, ರಾಸಾಯನಿಕವಿಲ್ಲದ ಕೃಷಿಯನ್ನು ಕಲಿಸುವುದು, ಅದಕ್ಕೆ ಪ್ರಮಾಣಪತ್ರ ಕೊಡಿಸುವುದು, ವಿಂಗಡಣೆಯ ಶಾಲೆ ಮತ್ತು ಶೀತಲಗೃಹ ಕಟ್ಟಿಸುವುದು, ಯುರೋಪಿನ ಖರೀದಿದಾರನೊಡನೆ ನೇರ ಸಂಬಂಧ ಬೆಸೆಯುವುದು ಇವುಗಳ ಮುಖ್ಯ ಅಂಗಗಳು. ಅಲ್ಜೀರಿಯದ ಗಡಿಗೆ ತಾಗಿಕೊಂಡಿರುವ ಹಝುವಾ ಗ್ರಾಮ ಈ ದಾರಿಯಲ್ಲಿ ಬಹು ದೂರ ನಡೆದಿದೆ. ಹಿಂದೆ ಕುರಿ ಒಂಟೆಗಳೊಡನೆ ಅಲೆಯುತ್ತಿದ್ದ ಗ್ರೀಬ್ ಬುಡಕಟ್ಟಿನವರು ನೆಲೆನಿಂತ ಊರು ಅದು. ಅಲ್ಲಿಯ ರೈತರು ಬಯೋಡೈನಮಿಕ್ ಕೃಷಿಯ ಸಂಘವೊಂದನ್ನು ಕಟ್ಟಿಕೊಂಡು, ಬೆನಿ ಗ್ರೆಬ್ ಎಂಬ ಕಂಪನಿಯ ಮೂಲಕ ತಮ್ಮ ಖರ್ಜೂರವನ್ನು ಯುರೋಪಿಗೆ ಕಳುಹಿಸುತ್ತ ಬಂದಿದ್ದಾರೆ. ಫೇರ್‌ಟ್ರೇಡ್ ವ್ಯವಸ್ಥೆಯಲ್ಲಿ ಬೆಲೆಯ ಮೇಲೆ ಬರುವ ಹೆಚ್ಚುವರಿ ಹಣವನ್ನು ಯಾವುದಕ್ಕೆ ವಿನಿಯೋಗಿಸಬೇಕೆಂದು ಸದಸ್ಯರೇ ಸಭೆ ಸೇರಿ ತೀರ್ಮಾನಿಸಬೇಕು. ದನಕುರಿಗಳ ಗೊಬ್ಬರ ಬಿದ್ದ ಮರಳು ಮೊದಲಿಗಿಂತ ಹೆಚ್ಚು ಹೊತ್ತು ತೇವ ಹಿಡಿಯುತ್ತದೆ. ಇವೆಲ್ಲ ನಿಜವಾದ ಲಾಭಗಳು. ಮಧ್ಯವರ್ತಿಯ ಮುಂದೆ ತಲೆತಗ್ಗಿಸಿ ನಿಂತವನು ತನ್ನ ಹಣ್ಣಿನ ದರವನ್ನು ತಾನೇ ಹೇಳುವಂತಾದುದನ್ನು ಕೇವಲ ಹಣದ ಲೆಕ್ಕದಿಂದ ಅಳೆಯಲಾಗದು. ಮುಂದೆ ಹೇಳುವ ಆಕ್ಷೇಪಗಳಿಂದ ಈ ಮಾತಿನ ತೂಕ ಕಡಿಮೆಯಾಗಬಾರದು.

ಆದರೂ ಪ್ರಮಾಣಪತ್ರ ಪುಕ್ಕಟೆಯಲ್ಲ. ಬಹುವಾರ್ಷಿಕ ಬೆಳೆಗೆ ಸಾವಯವವೆಂಬ ಹೆಸರು ದೊರೆಯಬೇಕಾದರೆ ಯುರೋಪಿನ ನಿಯಮದಂತೆ ಕೊಯ್ಲಿಗೆ ಮುಂಚೆ ಮೂರು ವರ್ಷ ಆ ಕ್ರಮದಲ್ಲಿಯೇ ಬೆಳೆದಿರಬೇಕು. ಆ ಮೂರು ವರ್ಷ ಖರ್ಚು ಸಾವಯವದ್ದು, ಬೆಲೆ ಸಾಧಾರಣದ್ದು. 2022ರಿಂದ ಅನ್ವಯವಾದ ಯುರೋಪಿನ ಹೊಸ ಕಾನೂನು ಸಣ್ಣ ರೈತರ ಗುಂಪು ಪ್ರಮಾಣೀಕರಣಕ್ಕೂ ಬಿಗಿಯಾದ ಕಟ್ಟಳೆಗಳನ್ನು ವಿಧಿಸಿದೆ: ಗುಂಪಿಗೆ ಸ್ವಂತ ಕಾನೂನುಬದ್ಧ ಅಸ್ತಿತ್ವವಿರಬೇಕು, ಸದಸ್ಯರ ಸಂಖ್ಯೆ 2000ವನ್ನು ಮೀರಬಾರದು, ಒಳಗಿನ ತಪಾಸಣೆಯ ವ್ಯವಸ್ಥೆ ಇರಬೇಕು. ಮೋಸವನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಯೋಜನೆಯ ಹಣ ನಿಂತ ಮೇಲೆ ತಪಾಸಣೆಯ ಶುಲ್ಕವನ್ನೂ ಕಡತ ಬರೆಯುವವನ ಸಂಬಳವನ್ನೂ ಸಂಘ ತನ್ನ ಸ್ವಂತ ವರಮಾನದಿಂದ ತೆರಬಲ್ಲುದೇ ಎಂಬುದನ್ನು ಮೌಲ್ಯಮಾಪಕನು ಮೊದಲು ನೋಡಬೇಕು. ಊರುಗೋಲನ್ನು ಹಿಡಿದಿರುವಾಗ ನಡೆದ ನಡಿಗೆಯನ್ನು ಕಾಲಿನ ಬಲವೆಂದು ಬರೆಯಬಾರದು.

ಹುಳುವಿನ ವಿಚಾರವೂ ಇದೆ. ಕೊಯ್ಲಿಗೆ ಮುಂಚೆಯೇ ಖರ್ಜೂರದ ಹಣ್ಣಿನೊಳಗೆ ಸೇರಿಕೊಳ್ಳುವ ಒಂದು ಪತಂಗದ ಮರಿಹುಳು ರಫ್ತುದಾರರಿಗೆ ದೊಡ್ಡ ತೊಡಕು. ಒಂದು ಹುಳು ಕಂಡರೂ ಖರೀದಿದಾರನು ಇಡೀ ಸರಕನ್ನು ಹಿಂದಿರುಗಿಸಬಹುದು. ಬಹಳ ಕಾಲ ಇದಕ್ಕೆ ಪರಿಹಾರವಾಗಿದ್ದುದು ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಧೂಪನ. ಆ ಅನಿಲ ಭೂಮಿಯ ಓಝೋನ್ ಪದರವನ್ನು ಹಾಳುಮಾಡುವುದೆಂದು ತಿಳಿದ ಮೇಲೆ, 1987ರ ಮಾಂಟ್ರಿಯಲ್ ಒಪ್ಪಂದದ ನಿಯಂತ್ರಣಕ್ಕೆ 1992ರಲ್ಲಿ ಅದನ್ನೂ ಸೇರಿಸಲಾಯಿತು. ಅಭಿವೃದ್ಧಿಶೀಲ ದೇಶಗಳು ಅದನ್ನು ಕೈಬಿಡಲು 2015ರ ಗಡುವು ಗೊತ್ತಾಯಿತು. ಗಮನಾರ್ಹವಾದುದೆಂದರೆ, ತೇವಾಂಶ ಹೆಚ್ಚಿರುವ ಖರ್ಜೂರಕ್ಕೆ ತಕ್ಕ ಪರ್ಯಾಯವಿಲ್ಲವೆಂಬ ಕಾರಣದಿಂದ 2003ರಲ್ಲಿ ಒಪ್ಪಂದದ ದೇಶಗಳು ಖರ್ಜೂರದ ನಾಡುಗಳಿಗೆ ವಿಶೇಷ ವಿನಾಯಿತಿಯನ್ನೇ ಕೊಡಬೇಕಾಯಿತು. ಭೋಜನಾನಂತರ ಸವಿಯುವ ಒಂದು ಹಣ್ಣಿಗಾಗಿ ಆಕಾಶದ ರಕ್ಷಣೆಯ ನಿಯಮವೇ ಬಾಗಿತು.

ಸಾವಯವ ಸಂಘಗಳಿಗೆ ಈ ದಾರಿ ಹೇಗೂ ಮುಚ್ಚಿದೆ. ಅವು ಗೊನೆಗಳಿಗೆ ಬಲೆ ಕಟ್ಟುತ್ತವೆ. ಉದುರಿದ ಹಣ್ಣನ್ನು ಆರಿಸಿ ತೆಗೆಯುತ್ತವೆ. ಈ ಪತಂಗ ಮೊದಲು ದಾಳಿಂಬೆಯಲ್ಲಿ ಬೆಳೆದು ಆಮೇಲೆ ಖರ್ಜೂರಕ್ಕೆ ಬರುವುದರಿಂದ, ಬಿರಿದು ಬಿದ್ದ ದಾಳಿಂಬೆಗಳನ್ನೂ ತೋಟದಲ್ಲಿ ಉಳಿಸುವಂತಿಲ್ಲ. ಹುಳು ಹುಟ್ಟಿದ ಮೇಲೆ ಕೊಲ್ಲುವುದಕ್ಕಿಂತ ಹುಟ್ಟದ ಹಾಗೆ ಎಚ್ಚರ ವಹಿಸುವುದು ಮೇಲೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಎಚ್ಚರಕ್ಕೆ ಕೂಲಿ ಬೀಳುತ್ತದೆ. ಅದನ್ನು ಖರೀದಿದಾರನು ಬೆಲೆಯಲ್ಲಿ ಕೊಡುವನೋ, ರೈತನ ಮನೆಯವರು ಬಿಟ್ಟಿ ದುಡಿಮೆಯಾಗಿ ಸಲ್ಲಿಸುವರೋ ಎಂದು ವರದಿಗಳು ಸ್ಪಷ್ಟವಾಗಿ ಹೇಳಬೇಕು.

ಇನ್ನು ನೀರು. ಲೆಕ್ಕವೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ.

ಟುನೀಸಿಯದ ದಕ್ಷಿಣದ ತೋಟಗಳು ಕುಡಿಯುವ ನೀರು ಅಲ್ಲಿಯ ಮಳೆಯದಲ್ಲ. ಅಲ್ಜೀರಿಯ, ಟುನೀಸಿಯ, ಲಿಬಿಯ ಈ ಮೂರು ದೇಶಗಳ ಅಡಿಯಲ್ಲಿ 10 ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕಿ ಹಬ್ಬಿರುವ ಆಳದ ಜಲರಾಶಿಯಿಂದ ಅದು ಬರುತ್ತದೆ. ಅದರ ಬಹುಭಾಗ ಸಹಾರಾ ಹಸಿರಾಗಿದ್ದ ಪ್ರಾಚೀನ ಕಾಲದ ಮಳೆ ಇಂಗಿ ಉಳಿದದ್ದು. ಈ ರಾಶಿಯಿಂದ 1970ರಲ್ಲಿ ಮೂರು ದೇಶಗಳೂ ಸೇರಿ ತೆಗೆಯುತ್ತಿದ್ದ ನೀರು ಸುಮಾರು 60 ಕೋಟಿ ಘನ ಮೀಟರ್. 2000ದ ಹೊತ್ತಿಗೆ ಅದು ಸುಮಾರು 250 ಕೋಟಿ ಘನ ಮೀಟರಿಗೆ ಏರಿತ್ತು. ಪ್ರಕೃತಿಯಿಂದ ಅದಕ್ಕೆ ಮರಳಿ ಸೇರುವುದು ವರ್ಷಕ್ಕೆ ಸುಮಾರು 100 ಕೋಟಿ ಘನ ಮೀಟರ್ ಮಾತ್ರವೆಂದು ಅಂದಾಜು. ಜಮಾ ನೂರು, ಖರ್ಚು ಇನ್ನೂರೈವತ್ತು! ಇಂಥ ಖಾತೆಯನ್ನು ತಂದವನಿಗೆ ಯಾವ ಸಾಹುಕಾರನೂ ಕಡ ಕೊಡಲಾರ. ಆಳದ ಕೆಲವು ಬಾವಿಗಳ ನೀರು ಕೈಯಿಡಲಾಗದಷ್ಟು ಬಿಸಿಯಾಗಿ ಮೇಲೆ ಬರುತ್ತದೆ. ಅದನ್ನು ಗೋಪುರಗಳಲ್ಲಿ ಆರಿಸಿ ತೋಟಕ್ಕೆ ಬಿಡುತ್ತಾರೆ.

ಇದರ ಪರಿಣಾಮ ಮುಂದೆ ಎಂದೋ ಬರುವುದಲ್ಲ, ಬಂದಾಗಿದೆ. ಇಬ್ನ್ ಶಬ್ಬಾತನ ಕಾಲದಿಂದ ಹರಿದ ತೊಝರಿನ ಬುಗ್ಗೆಗಳೂ, ನೆಫ್ತಾದ ತಗ್ಗಿನಲ್ಲಿ ಚಿಮ್ಮುತ್ತಿದ್ದ ಬುಗ್ಗೆಗಳೂ ಕೊಳವೆಬಾವಿಗಳ ಹೊಡೆತಕ್ಕೆ 20ನೇ ಶತಮಾನದ ಕೊನೆಯ ದಶಕಗಳಲ್ಲಿ ಬತ್ತಿಹೋದವು. ತಾನಾಗಿ ಹರಿದು ಬರುತ್ತಿದ್ದ ನೀರನ್ನು ಈಗ ಪಂಪಿನಿಂದ ಎತ್ತಬೇಕು. ಸಿಹಿನೀರಿನ ಒತ್ತಡ ತಗ್ಗಿದಂತೆ ಪಕ್ಕದ ಉಪ್ಪುಬಯಲಿನ ನೀರು ಒಳನುಗ್ಗುವ ಅಪಾಯವೂ ಇದೆ.

ಯೋಜನೆಯ ಸೋಲಿಗಿಂತ ಅದರ ಯಶಸ್ಸೇ ಹೆಚ್ಚು ಯೋಚನೆ ಹುಟ್ಟಿಸುವುದು ಇದೇ ಕಾರಣದಿಂದ. ದೆಗ್ಲೆತ್ ನೂರಿಗೆ ಒಳ್ಳೆಯ ಬೆಲೆ ಬಂತೆಂದರೆ, ಹಣವುಳ್ಳವನು ಹಳೆಯ ತೋಟದ ಗಡಿಯಾಚೆಗಿನ ಬಯಲಿನಲ್ಲಿ ಹೊಸ ತೋಟ ಹಾಕುತ್ತಾನೆ. ಅದಕ್ಕೆ ಅನುಮತಿಯಿಲ್ಲದೆಯೂ ಬಾವಿ ಕೊರೆಯುತ್ತಾನೆ. ಕೆಬಿಲಿಯ ಕಡೆ ಇಂಥ ತೋಟಗಳು ಬಹಳ ಹಬ್ಬಿವೆ. ಹನಿ ನೀರಾವರಿಯಿಂದ ನೀರು ಉಳಿಯುವುದು ನಿಜ; ಆದರೆ ಉಳಿದ ನೀರು ನೆಲದಡಿಯಲ್ಲಿಯೇ ಉಳಿಯದೆ ಮತ್ತೊಂದು ನೂರು ಸಸಿಗಳಿಗೆ ಹೋದರೆ ಉಳಿತಾಯವೆಂಬ ಮಾತಿಗೆ ಅರ್ಥವೇನು? ಸೌರಶಕ್ತಿಯ ಪಂಪು ಹೊಗೆಯುಗುಳುವುದಿಲ್ಲವೆಂದು ಅದನ್ನು ಪರಿಸರಸ್ನೇಹಿಯೆಂದು ಕೊಂಡಾಡುತ್ತಾರೆ. ಡೀಸೆಲ್ಲಿನ ಖರ್ಚಾದರೂ ಒಂದು ಲಗಾಮಾಗಿತ್ತು. ಬಿಸಿಲಿಗೆ ಬಿಲ್ಲು ಬರುವುದಿಲ್ಲವಾದ್ದರಿಂದ ಹೊಸ ಪಂಪಿಗೆ ಆ ಲಗಾಮೂ ಇಲ್ಲ.

ಒಂದು ಕಿಲೋ ಖರ್ಜೂರಕ್ಕೆ ಜಗತ್ತಿನ ಸರಾಸರಿಯಲ್ಲಿ 2000 ಲೀಟರಿಗೂ ಮಿಕ್ಕ ನೀರು ಬೇಕೆಂದು ಲೆಕ್ಕವಿದೆ. ಮರಳುಗಾಡಿನಲ್ಲಿ ಅದರ ಬಹುಪಾಲನ್ನು ನೆಲದಿಂದಲೇ ಎತ್ತಬೇಕು. ಅಂದಮೇಲೆ ಖರ್ಜೂರದ ಪೆಟ್ಟಿಗೆಯೊಡನೆ ಹಡಗು ಹತ್ತುವುದು ನೀರೂ ಹೌದು. ಪೆಟ್ಟಿಗೆಯ ಮೇಲಿನ ಸಾವಯವ ಮುದ್ರೆ ಒಳಗಿನ ಹಣ್ಣಿಗೆ ವಿಷ ಸೋಕಿಲ್ಲವೆಂದು ಹೇಳುತ್ತದೆ. ಬೆಳೆದ ಬಾವಿಯಲ್ಲಿ ನೀರು ಎಷ್ಟು ಕೆಳಗೆ ಸರಿಯಿತೆಂದು ಹೇಳುವುದಿಲ್ಲ. ಸಂಘದ ಸದಸ್ಯನು ಮಿತವಾಗಿ ನೀರು ಬಳಸಿದರೂ, ಸಂಘಕ್ಕೆ ಸೇರದ ಅವನ ನೆರೆಯವನು ಹಗಲಿಡೀ ಪಂಪು ನಡೆಸುತ್ತಿದ್ದರೆ ಸದಸ್ಯನ ಸಂಯಮ ನೆರೆಯವನ ಲಾಭವಾಗಿ ಮುಗಿಯುತ್ತದೆ. ಒಂದೇ ಕೊಪ್ಪರಿಗೆಗೆ ಹಲವರು ಸೌಟು ಹಾಕಿದಲ್ಲಿ ಒಬ್ಬನ ಸೌಟನ್ನು ಮಾತ್ರ ಅಳೆದು ಬರೆದ ವರದಿಯಿಂದ ಕೊಪ್ಪರಿಗೆಯಲ್ಲಿ ಏನು ಉಳಿದಿದೆಯೆಂದು ಹೇಗೆ ತಿಳಿಯಬೇಕು?

ರಫ್ತು ಬೇಡವೆಂದರೆ ಸರಿಹೋಗುವುದೇ ಎಂದು ಕೇಳಬಹುದು. ಹೋಗದು. ಹಳೆಯ ತೋಟದ ಸಣ್ಣವನು ಕೃಷಿ ಬಿಟ್ಟು ಪಟ್ಟಣಕ್ಕೆ ಹೋದರೆ ಮೂರು ಅಂತಸ್ತಿನ ತೋಟ ಪಾಳುಬೀಳುತ್ತದೆ. ನೀರನ್ನು ಬಳಸುವವರು ಬಯಲಿನ ಹೊಸ ತೋಟದ ದೊಡ್ಡವರೇ ಆಗುತ್ತಾರೆ. ಆದ್ದರಿಂದ ಸಣ್ಣವನ ಕೈ ಬಲಪಡಿಸುವ ಯೋಜನೆ ಬೇಕೇ ಬೇಕು. ಅದರ ಜೊತೆಯಲ್ಲಿ ಹೊಸ ನೆಡುತೋಪಿಗೆ ಮಿತಿಯೂ, ಬಾವಿಗಳಿಗೆ ಅಳತೆಯೂ ಸೇರಿರಬೇಕು. ಒಂದು ತಳಿಯ ಮೋಹವೂ ತಗ್ಗಬೇಕು. ಅಲ್ಲಿಗ್, ಕೆಂತಾ, ಫ್ತಿಮಿ ಮುಂತಾದ ನಾಡತಳಿಗಳು ಪೇಟೆಯಿಲ್ಲದೆ ಮೂಲೆಗೆ ಸರಿದಿವೆ. ಇವುಗಳಲ್ಲಿ ಒಣಜಾತಿಯವು ಶೀತಲಗೃಹವಿಲ್ಲದೆಯೇ ಬಹುಕಾಲ ಕೆಡದೆ ಉಳಿಯುತ್ತವೆ. ಮೊರಾಕೊದಲ್ಲಿ ಬಯೂದ್ ಎಂಬ ಶಿಲೀಂಧ್ರ ರೋಗ ಒಂದು ಶತಮಾನದಲ್ಲಿ ಒಂದು ಕೋಟಿಯಷ್ಟು ಖರ್ಜೂರದ ಮರಗಳನ್ನು ಕೊಂದಿತು; ದೆಗ್ಲೆತ್ ನೂರ್ ಆ ರೋಗಕ್ಕೆ ಬಹುಬೇಗ ತುತ್ತಾಗುವ ತಳಿ. ಕರ್ನಾಟಕದ ತೆಂಗು ಬೆಳೆಗಾರರು ಚೆನ್ನಾಗಿ ಬಲ್ಲ ಕೆಂಪುಮೂತಿ ಹುಳು ದಕ್ಷಿಣ ಏಷ್ಯದ ಕಡೆಯಿಂದ ಹೊರಟು 1980ರ ದಶಕದಲ್ಲಿ ಕೊಲ್ಲಿ ದೇಶಗಳನ್ನೂ, 1992ರಲ್ಲಿ ಈಜಿಪ್ಟನ್ನೂ, 2011ರಲ್ಲಿ ಟುನೀಸಿಯದ ಉತ್ತರ ಭಾಗವನ್ನೂ ಮುಟ್ಟಿತು. ಗಿಡಮರಗಳ ವ್ಯಾಪಾರವೇ ಅದಕ್ಕೆ ವಾಹನವಾಯಿತು. ಸಾವಿರಾರು ಹೆಕ್ಟೇರಿನಲ್ಲಿ ಒಂದೇ ತಳಿಯನ್ನು ನೆಟ್ಟವನು ಇಡೀ ಬಂಡವಾಳವನ್ನು ಒಂದೇ ಹಡಗಿಗೆ ಹೇರಿದ ವರ್ತಕನಂತೆ.

ಯೋಜನೆಯ ಪುಸ್ತಕಗಳಲ್ಲಿ ಫಲಾನುಭವಿಗಳೆಂದರೆ ಹೆಚ್ಚಾಗಿ ಭೂಮಿಯುಳ್ಳವರು. ಮರ ಹತ್ತುವವನು ಅನೇಕ ವೇಳೆ ಭೂಮಿಯ ಒಡೆಯನಲ್ಲ. ಖಮ್ಮಾಸ್ ಎಂದು ಅಲ್ಲಿಯ ಪಾಲುಗಾರನಿಗೆ ಹೆಸರು; ಐದರಲ್ಲಿ ಒಂದು ಪಾಲಿನವನೆಂದು ಆ ಶಬ್ದದ ಮೂಲಾರ್ಥ. ರಫ್ತಿನ ಬೆಲೆ ಏರಿದಾಗ ಅವನ ಪಾಲೂ ಏರಿತೇ? ಮರದಿಂದ ಬಿದ್ದರೆ ಅವನ ಸಂಸಾರಕ್ಕೆ ಗತಿಯೇನು? ವಿಂಗಡಣೆಯ ಶಾಲೆಗಳಲ್ಲಿ ಋತುಮಾನದ ಕೂಲಿಗೆ ದಿನವಿಡೀ ಹಣ್ಣು ಆರಿಸುವವರು ಹೆಚ್ಚಿನಂಶ ಹೆಂಗಸರು. ಅವರ ಹೆಸರಿನಲ್ಲಿ ಭೂಮಿ ಇರುವುದು ಅಪರೂಪವಾದ್ದರಿಂದ ಸಂಘದ ಸಭೆಯಲ್ಲಿ ಅವರಿಗೆ ಮತವೂ ಅಪರೂಪ.

ಅಭಿವೃದ್ಧಿ ನೆರವನ್ನು ಅಳೆಯಲು ಸಿರಿವಂತ ದೇಶಗಳ ಒಕ್ಕೂಟವೊಂದು 1991ರಲ್ಲಿ ಐದು ಮಾನದಂಡಗಳನ್ನು ಗೊತ್ತುಮಾಡಿತು. 2019ರಲ್ಲಿ ಆರನೆಯದನ್ನು ಸೇರಿಸಿತು. ಔಚಿತ್ಯ, ಪರಿಣಾಮ, ಸುಸ್ಥಿರತೆ ಮುಂತಾದ ಈ ಶಬ್ದಗಳಲ್ಲಿ ದೋಷವಿಲ್ಲ. ದೋಷವಿರುವುದು ಅಳೆಯುವ ಹೊತ್ತಿನಲ್ಲಿ. ಯೋಜನೆಯ ಆಯುಸ್ಸು ಸಾಮಾನ್ಯವಾಗಿ ನಾಲ್ಕೈದು ವರ್ಷ. ಖರ್ಜೂರದ ಸಸಿ ಚೆನ್ನಾಗಿ ಫಲ ಕೊಡುವುದಕ್ಕೇ ಅಷ್ಟು ಕಾಲ ಬೇಕು. ಜಲಮಟ್ಟದ ಇಳಿತ ಕಣ್ಣಿಗೆ ಕಾಣಲು ಇನ್ನೂ ಹೆಚ್ಚು. ನೆಟ್ಟ ಸಸಿಗಳ ಸಂಖ್ಯೆಯನ್ನು ಮುಕ್ತಾಯದ ವರ್ಷದಲ್ಲಿ ಎಣಿಸಿ, ಯಶಸ್ವಿ ಎಂದು ಬರೆದು, ಮೌಲ್ಯಮಾಪಕನು ವಿಮಾನ ಹತ್ತುತ್ತಾನೆ. ಐದು ವರ್ಷ ಕಳೆದ ಮೇಲೆ ಅದೇ ಊರಿಗೆ ಅವನು ಮತ್ತೆ ಹೋಗಬೇಕು. ಸಂಘದ ಅಧ್ಯಕ್ಷನ ಮನೆಯಲ್ಲಿ ಕಾಫಿ ಕುಡಿದ ಮೇಲೆ, ಸಂಘಕ್ಕೆ ಸೇರದವನ ಮನೆಗೂ, ಸೇರಿ ಬಿಟ್ಟವನ ಮನೆಗೂ ಹೋಗಿ ಕೂರಬೇಕು. ಬಾವಿಯೊಳಗೆ ಹಗ್ಗ ಬಿಟ್ಟು ನೋಡಬೇಕು.

ಅದಕ್ಕೆ ಹೆಚ್ಚಿನ ಹಣವೇನೂ ಬೇಕಾಗದು. ಹಳೆಯ ತೊಝರಿನಲ್ಲಿ ತೂತಿನ ಪಾತ್ರೆಯ ಬಳಿ ಕುಳಿತು ಪ್ರತಿಯೊಬ್ಬನ ಪಾಲಿನ ಹೊತ್ತನ್ನು ಎಣಿಸುವವನೊಬ್ಬನಿರುತ್ತಿದ್ದ. ತೋಟದವರೆಲ್ಲ ಅವನ ಎಣಿಕೆಗೆ ಒಪ್ಪುತ್ತಿದ್ದರು. ಇಂದಿನ ರಫ್ತು ಯೋಜನೆಯಲ್ಲಿ ಗುಣಮಟ್ಟ ನೋಡುವವನಿಗೆ, ಕಡತ ಬರೆಯುವವನಿಗೆ, ಯುರೋಪಿನ ಮೇಳಗಳಲ್ಲಿ ಅಂಗಡಿ ತೆರೆಯುವವನಿಗೆ ಸಂಬಳ ಗೊತ್ತಾಗಿರುತ್ತದೆ. ಊರಿನ ಎಲ್ಲ ಬಾವಿಗಳ ನೀರಿನ ಮಟ್ಟವನ್ನು, ಸದಸ್ಯರದಿರಲಿ ಅಲ್ಲದವರದಿರಲಿ, ತಿಂಗಳಿಗೊಮ್ಮೆ ಅಳೆದು ಸಂಘದ ಬಾಗಿಲಿನ ಹಲಗೆಯ ಮೇಲೆ ಬರೆದಿಡುವ ಒಬ್ಬನಿಗೂ ಆ ಪಟ್ಟಿಯಲ್ಲಿ ಒಂದು ಸಂಬಳವನ್ನು ತೆಗೆದಿಡಬಹುದು. ಖರ್ಜೂರವನ್ನು ಕೊಳ್ಳುವವನು ಬೆಲೆಪಟ್ಟಿಯೊಡನೆ ಆ ಹಲಗೆಯ ನಕಲನ್ನೂ ತರಿಸಿಕೊಳ್ಳಬಹುದು.